ಬೇರಿಂಗ್ ಹೋಗಿದೆ ಸಾರ್

ವಾಷಿಂಗ್ ಮಷೀನು ಕೆಡುವುದಕ್ಕೂ ಮುಹೂರ್ತ ನೋಡುತ್ತದೆ. ಆಷಾಢದ ಜಡಿಮಳೆ ಹಿಡಿದಿರಬೇಕು, ಇಲ್ಲವೇ ಊರಿಂದ ಬಂದ ನೆಂಟರು ಹೊರಟು ಹೊದಿಕೆಗಳೆಲ್ಲ ರಾಶಿ ಬಿದ್ದಿರಬೇಕು. ನಮ್ಮ ಮನೆಯದು ಒಂಬತ್ತು ವರ್ಷದ ಫ್ರಂಟ್ ಲೋಡು. ಸ್ಪಿನ್ನಿಗೆ ಬಂತೆಂದರೆ ಅದರ ಅಬ್ಬರಕ್ಕೆ ಕೆಳಗಿನ ಮನೆಯವರು, "ಏನ್ ಸಾರ್, ಮನೇಲಿ ಡ್ರಿಲ್ಲಿಂಗ್ ಕೆಲಸಾನಾ?" ಎಂದು ವಿಚಾರಿಸತೊಡಗಿದ್ದರು.

ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಎದ್ದದ್ದೇ ಮನೆಯಲ್ಲಿ ಎರಡು ಪಕ್ಷವಾಯಿತು. ನಾನು ರಿಪೇರಿ ಪಕ್ಷ. ಒಳ್ಳೆಯ ಮಷೀನು, ಈಗಿನವು ಇಷ್ಟು ಗಟ್ಟಿ ಇರುವುದಿಲ್ಲ, ಕಬ್ಬಿಣ ನೋಡು ಎಂದೆಲ್ಲ ವಾದಿಸಿದೆ. "ಕಬ್ಬಿಣ ನೋಡ್ಕೊಂಡು ಕೂರೋಕೆ ನಂಗೆ ಪುರುಸೊತ್ತಿಲ್ಲ ರೀ" ಎಂದಳು ನನ್ನ ಹೆಂಡತಿ. ಹಳೆಯ ಯಂತ್ರಗಳ ಮೇಲಿನ ಪ್ರೀತಿ ಅವನ್ನು ದಿನವೂ ಬಳಸದವರಲ್ಲೇ ಹೆಚ್ಚು ಎಂಬುದನ್ನು ನಾನು ಬೇರೆ ಮನೆಗಳಲ್ಲೂ ಕಂಡಿದ್ದೇನೆ. ಮಿಕ್ಸಿ ಇನ್ನೂ ಚೆನ್ನಾಗಿದೆ ಎನ್ನುವವರು ಚಟ್ನಿ ರುಬ್ಬಿದವರಲ್ಲ.

ಮೆಕ್ಯಾನಿಕ್ ಬಂದ. ಬಾಗಿಲು ತೆಗೆದು ಡ್ರಮ್ಮನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದ, ಅಂಚು ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದ. "ಬೇರಿಂಗ್ ಹೋಗಿದೆ ಸಾರ್." ಡ್ರಮ್ಮಿನ ಹಿಂದಿರುವ ರಬ್ಬರ್ ಸೀಲ್ ಸವೆದರೆ ಸೋಪಿನ ನೀರು ಮೆಲ್ಲಗೆ ಬೇರಿಂಗಿಗೆ ಇಳಿಯುತ್ತದೆ, ಗ್ರೀಸು ತೊಳೆದುಹೋಗುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ಆಮೇಲೆ ನಿಮಿಷಕ್ಕೆ ಸಾವಿರ ಸುತ್ತು ತಿರುಗುವ ಡ್ರಮ್ಮು ಕೂಗದೆ ಇನ್ನೇನು ಮಾಡೀತು? ನಮ್ಮದು ಬೋರ್‌ವೆಲ್ ನೀರು ಬೇರೆ. ಕಾವೇರಿ ಬರುವ ಬಡಾವಣೆಯವರಿಗೆ ಈ ಸಂಕಟ ಅರ್ಥವಾಗದು. ಒಳಗಿನ ಹೀಟರ್ ಕಾಯಿಲ್ ಸುಣ್ಣ ಬಳಿದುಕೊಂಡು ಕೂತಿತ್ತು.

ಮಷೀನಿನ ಮುಂಭಾಗದಲ್ಲಿ ಹತ್ತು ವರ್ಷದ ವಾರಂಟಿ ಎಂಬ ಚೀಟಿ ಇನ್ನೂ ಹೊಳೆಯುತ್ತಿತ್ತು. ಅದು ಮೋಟರಿಗೆ ಮಾತ್ರ. ಮೋಟರು ಅಷ್ಟು ಸುಲಭಕ್ಕೆ ಕೆಡುವುದಿಲ್ಲ, ಅದಕ್ಕೇ ಧಾರಾಳವಾಗಿ ವಾರಂಟಿ. ಹೋಗುವುದು ಬೇರಿಂಗು, ಡ್ರೈನ್ ಪಂಪು, ಕರೆಂಟು ಏರಿಳಿದರೆ ಬೋರ್ಡು. ಇವಾವುದೂ ಆ ಚೀಟಿಯಲ್ಲಿಲ್ಲ. ಇನ್ನು ಅಡಿಯಿಂದ ನುಗ್ಗಿ ವೈರು ಕಡಿಯುವ ಇಲಿಯ ಸಂಗತಿ ಯಾವ ಕಂಪನಿಗೂ ಬೇಡ.

ಬೇರಿಂಗ್ ಏನೂ ಅಪರೂಪದ ವಸ್ತುವಲ್ಲ. ಅದರ ಮೈಮೇಲೆ 6205, 6206 ಎಂಬಂಥ ನಂಬರ್ ಕೆತ್ತಿರುತ್ತದೆ. ನಂಬರ್ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೆಲವು ನೂರು ರೂಪಾಯಿಗೆ ಸಿಕ್ಕೀತು. ತೊಡಕು ಬೇರೆಡೆ ಇದೆ. ಹಿಂದೆ ಹೊರಗಿನ ಟಬ್ಬನ್ನು ಎರಡು ಹೋಳು ಮಾಡಿ ಬೋಲ್ಟು ಹಾಕಿ ಜೋಡಿಸುತ್ತಿದ್ದರು, ಬಿಚ್ಚಬಹುದಿತ್ತು. ಈಗ ಎಷ್ಟೋ ಮಾದರಿಗಳಲ್ಲಿ ಎರಡು ಹೋಳನ್ನೂ ಬೆಸೆದೇ ಬಿಟ್ಟಿರುತ್ತಾರೆ. ಬೇರಿಂಗ್ ಬೇಕಾದರೆ ಇಡೀ ಟಬ್ಬನ್ನೇ ಕೊಳ್ಳಿ ಎನ್ನುತ್ತದೆ ಸರ್ವಿಸ್ ಸೆಂಟರು. ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆ ಲೆಕ್ಕ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿದೆ ಎಂದು ನಾವು ಭಾವಿಸಿರುತ್ತೇವೆ. ಟಬ್ಬು ಬೆಸೆದ ದಿನವೇ ಫ್ಯಾಕ್ಟರಿಯಲ್ಲಿ ಅದು ಮುಗಿದಿರುತ್ತದೆ.

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ತೆರೆದಿದೆ. ಯುರೋಪಿಯನ್ ಒಕ್ಕೂಟದಲ್ಲಂತೂ 2021ರಿಂದ, ಒಂದು ಮಾದರಿಯ ಕೊನೆಯ ಮಷೀನು ಮಾರುಕಟ್ಟೆಗೆ ಬಂದ ಮೇಲೂ ಹತ್ತು ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕೆಂಬ ನಿಯಮವೇ ಇದೆ. ಓದಿ ಖುಷಿಪಡುತ್ತ ಹೋದರೆ ಪಟ್ಟಿಯಲ್ಲಿ ಒಂದು ಕಡೆ ಡ್ರಮ್ಮು, ಅದರ ಬೇರಿಂಗು ಇವನ್ನು ಬಿಡಿಯಾಗಿ ಕೊಟ್ಟರೂ ಸರಿ, ಒಟ್ಟಾಗಿ ಕೊಟ್ಟರೂ ಸರಿ ಎಂದಿದೆ. ಬಿಡಿಭಾಗ ಎಂಬ ಹೆಸರಲ್ಲಿ ಇಡಿಯಾಗಿ ಮಾರುವವರಿಗೆ ಅಲ್ಲೂ ಬಾಗಿಲು ತೆರೆದೇ ಇದೆ.

ಅಂಗಡಿಯವರು ಎಕ್ಸ್‌ಚೇಂಜಿಗೆ ಕರೆಯುತ್ತಲೇ ಇದ್ದರು. ಹಳೆಯದು ಓಡುತ್ತಿದೆಯೋ ನಿಂತಿದೆಯೋ ಅವರು ಕೇಳಲಿಲ್ಲ, ಎರಡಕ್ಕೂ ಒಂದೇ ಬೆಲೆ. ಹೊತ್ತು ಇಳಿಸುವ ಹುಡುಗರ ಕಷ್ಟ ಮಾತ್ರ ನಿಜವಾದದ್ದು. ಸ್ಪಿನ್ನಿನಲ್ಲಿ ಕುಣಿಯದಿರಲೆಂದು ಫ್ರಂಟ್ ಲೋಡಿನೊಳಗೆ ಕಾಂಕ್ರೀಟಿನ ದಿಮ್ಮಿಗಳನ್ನು ಕೂರಿಸಿರುತ್ತಾರೆ. ನಾನು ಹೆಂಡತಿಗೆ ತೋರಿಸಿದ ಕಬ್ಬಿಣದಲ್ಲಿ ಬಹುಪಾಲು ಸಿಮೆಂಟೇ ಎಂದು ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿದಾಗ ಅವಳಿಗೂ ಕಂಡಿತು. ಅವಳು ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

"ಟಬ್ ಕುಯ್ದು ಬೇರಿಂಗ್ ಹಾಕ್ಬೋದು ಸಾರ್" ಎಂದ ಮೆಕ್ಯಾನಿಕ್. ಬೆಸುಗೆಯ ಗೆರೆಯಗುಂಟ ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ಯುವುದು, ಬೇರಿಂಗು ಸೀಲು ಎರಡನ್ನೂ ಬದಲಿಸುವುದು, ಸಿಲಿಕಾನ್ ಹಚ್ಚಿ ಸುತ್ತಲೂ ಸ್ಕ್ರೂ ಬಿಗಿಯುವುದು. ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲದ ಈ ವಿದ್ಯೆಯನ್ನು ಗಲ್ಲಿ ಅಂಗಡಿಗಳು ತಾವೇ ಕಲಿತುಕೊಂಡಿವೆ. ಅವನು ಹೇಳಿದ ಮೊತ್ತ ಹೊಸದರ ಆರನೇ ಒಂದು ಪಾಲೂ ಇರಲಿಲ್ಲ. ನಾನು ಗೆದ್ದವನಂತೆ ಹೆಂಡತಿಯ ಕಡೆ ನೋಡಿದೆ.

"ಎಷ್ಟು ದಿನ ಬೇಕಪ್ಪ?" ಎಂದಳು.

"ಟಬ್ಬು ಅಂಗಡಿಗೆ ಒಯ್ಬೇಕು ಮೇಡಂ. ಒಂದು ವಾರ."

"ಮಾಡಿ. ಟೆರೇಸ್ ಮೇಲೆ ಒಗೆಯೋ ಕಲ್ಲಿದೆ, ಅಲ್ಲೀವರೆಗೆ ಇವರು ಒಗೀತಾರೆ."

ಮೆಕ್ಯಾನಿಕ್ ಒಮ್ಮೆ ಮೂಲೆಯಲ್ಲಿದ್ದ ಬಟ್ಟೆಯ ರಾಶಿ ನೋಡಿದ, ಒಮ್ಮೆ ನನ್ನನ್ನು ನೋಡಿದ. "ನಾಡಿದ್ದಿಗೇ ಆಗುತ್ತೇನೋ ನೋಡ್ತೀನಿ ಸಾರ್" ಎಂದ.