ಲೋನಿಯ ಮರಳು

ಭಯಾನಕ ಕಾದಂಬರಿಯೆಂದೊಡನೆ ವಾಚಕರ ಮನಸ್ಸು ದೆವ್ವವನ್ನು ಹುಡುಕತೊಡಗುವುದು ಸಹಜ. ಆಂಡ್ರೂ ಮೈಕಲ್ ಹರ್ಲಿಯವರ ‘ದಿ ಲೋನಿ’ಯಲ್ಲಿ ಅಂಥವರು ಬಹಳ ಹೊತ್ತು ಕಾಯಬೇಕಾಗುವುದು. ಅಲ್ಲಿ ಮೊದಲು ಎದುರಾಗುವುದು ಮಳೆ, ಕೆಸರು, ತೇವ ಹಿಡಿದ ಹಳೆಯ ಮನೆ, ಮತ್ತು ಒಬ್ಬ ತಾಯಿಯ ಹಟ. 2014ರಲ್ಲಿ ಒಂದು ಸಣ್ಣ ಪ್ರಕಾಶನಸಂಸ್ಥೆಯು ಕೇವಲ 300 ಪ್ರತಿಗಳನ್ನು ಹೊರತಂದ ಈ ಗ್ರಂಥಕ್ಕೆ 2015ರ ಕೋಸ್ಟಾ ಪ್ರಥಮ ಕಾದಂಬರಿ ಪ್ರಶಸ್ತಿಯು ದೊರೆಯಿತು.

ಕಥೆಯ ನೆಲೆ ಇಂಗ್ಲೆಂಡಿನ ವಾಯವ್ಯಕ್ಕಿರುವ ಲ್ಯಾಂಕಶೈರಿನ ಕಡಲತೀರ. ಲೋನಿಯೆಂಬುದು ಕಲ್ಪಿತ ಹೆಸರಾದರೂ ಆ ತೀರದ ಕ್ರೌರ್ಯವು ಕಲ್ಪಿತವಲ್ಲ. ಅಲ್ಲಿಯ ಮೋರ್ಕಮ್ ಕೊಲ್ಲಿಯಲ್ಲಿ ಇಳಿತದ ವೇಳೆಗೆ ನೀರು ಮೈಲಿಗಟ್ಟಲೆ ಹಿಂದೆ ಸರಿದು ಮರಳು ಬಯಲಾಗುವುದು. ನೋಡಿದವನಿಗೆ ನಡೆದೇ ದಾಟಿಬಿಡೋಣವೆನಿಸದಿರದು. ಆದರೆ ಕಾಲನ್ನು ಒಳಕ್ಕೆಳೆಯುವ ಮರಳು ಎಲ್ಲಿದೆಯೆಂದು ಹೇಳುವವರಾರು? ಉಬ್ಬರವು ಎದುರಿನಿಂದಲೇ ಬರಬೇಕೆಂಬ ನಿಯಮವಿಲ್ಲ. ತಗ್ಗಿನ ಕಾಲುವೆಗಳಲ್ಲಿ ಸದ್ದಿಲ್ಲದೆ ಹರಿದು ಬೆನ್ನ ಹಿಂದಿನ ದಾರಿಯನ್ನು ಮೊದಲೇ ಮುಚ್ಚಿಬಿಡುವುದುಂಟು. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಚಿಪ್ಪುಮೀನು ಆಯುತ್ತಿದ್ದ ಚೀನೀ ಕೂಲಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮುಳುಗಿಹೋದರು. ಮರಳನ್ನು ದಾಟಿಸಲು ದಾರಿ ಬಲ್ಲವನೊಬ್ಬನನ್ನು ಅರಸೊತ್ತಿಗೆಯಿಂದ ನೇಮಿಸುವ ಪದ್ಧತಿ 16ನೆಯ ಶತಮಾನದಿಂದ ನಡೆದುಬಂದಿದೆ. ಅವನು ಗಿಡದ ಕೊಂಬೆಗಳನ್ನು ನೆಟ್ಟು ದಾರಿಯ ಗುರುತು ಮಾಡುತ್ತಾನೆ. ಕಾಲುವೆಯು ಪಾತ್ರ ಬದಲಿಸಿದರೆ ಕಿತ್ತು ಬೇರೆಡೆ ನೆಡುತ್ತಾನೆ.

ಕಾದಂಬರಿಯ ತಾಯಿಗೆ ಈ ಕಿತ್ತು ನೆಡುವುದೇ ಒಗ್ಗದು. 1970ರ ದಶಕದ ಒಂದು ಈಸ್ಟರಿನಲ್ಲಿ ಲಂಡನಿನ ಕೆಲವು ಕ್ಯಾಥೊಲಿಕ್ ಭಕ್ತರು ಯಾತ್ರೆ ಬಂದಿದ್ದಾರೆ. ಅವಳ ಹಿರಿಯ ಮಗ ಹ್ಯಾನಿಗೆ ಮಾತು ಬಾರದು. ಕ್ಷೇತ್ರದ ತೀರ್ಥದಿಂದ ಅವನು ಗುಣವಾಗಲೇಬೇಕು. ಹಳೆಯ ಪಾದ್ರಿ ತೀರಿಕೊಂಡಿದ್ದಾನೆ. ಹೊಸಬನಾದ ಬರ್ನಾರ್ಡನು ಮೃದುಹೃದಯಿ. ಅವನ ಮೃದುತ್ವವೇ ಅವಳಿಗೆ ದೋಷವಾಗಿ ಕಾಣುತ್ತದೆ. ಸತ್ತವನು ಹಾಕಿಕೊಟ್ಟ ಕ್ರಮದಲ್ಲಿ ಒಂದಕ್ಷರ ತಪ್ಪಿದರೂ ದೇವರು ಮುನಿದಾನೆಂಬ ಶಂಕೆ. ನಂಬಿಕೆ ಎಲ್ಲಿ ಮುಗಿದು ಬಲಾತ್ಕಾರ ಎಲ್ಲಿ ಮೊದಲಾಯಿತೆಂಬುದು ಅವಳಿಗೇ ತಿಳಿಯದು. ಗ್ರಂಥಕರ್ತನು ಈಕೆಯ ವಿಷಯದಲ್ಲಿ ತುಸು ನಿಷ್ಠುರನೇ ಆದನೆನ್ನಬೇಕು. ಮೂಕ ಮಗನನ್ನು ಹೆತ್ತವಳ ರಾತ್ರಿಗಳು ಎಂಥವೆಂದು ಒಂದು ಪುಟದಲ್ಲಾದರೂ ತೋರಿಸಬಹುದಾಗಿತ್ತು. ನಡುವಣ ಭಾಗವೂ ಕೊಂಚ ನಿಧಾನ.

ಅವನಿಗೆ ನಿಜವಾಗಿ ಒಲಿದಿರುವುದು ತಮ್ಮನ ಪಾತ್ರ. ಕಥೆಯನ್ನು ಹೇಳುವವನು ಅವನೇ. ಅಣ್ಣನ ಸನ್ನೆಗಳನ್ನು ಬಲ್ಲವನು ಅವನೊಬ್ಬನೇ. ಅಣ್ಣನು ಮಾತಿಲ್ಲದೆಯೇ ಅವನಿಗೆ ಪೂರ್ಣನು. ಅಣ್ಣನಿಗೆ ಮಾತು ಬರಲೆಂದು ಎಲ್ಲರೂ ಮೊರೆಯಿಡುವಾಗ, ಬಂದಮೇಲೆ ತನ್ನ ಅಗತ್ಯವೇನೆಂಬ ಪ್ರಶ್ನೆಯನ್ನು ಆ ಹುಡುಗನು ಬಾಯಿಬಿಟ್ಟು ಕೇಳುವಂತಿಲ್ಲ.

ಗುಣವೇನೋ ಆಗುತ್ತದೆ. ಹೇಗೆ, ಯಾವ ಬೆಲೆಗೆ ಎಂಬುದನ್ನು ಗ್ರಂಥದಿಂದಲೇ ತಿಳಿಯತಕ್ಕದ್ದು. ಅದೆಷ್ಟೋ ವರ್ಷಗಳ ಮೇಲೆ ಬಿರುಗಾಳಿಗೆ ದಿಬ್ಬವೊಂದು ಕುಸಿದು ಎಳೆಮಗುವಿನ ಎಲುಬುಗಳು ಹೊರಬೀಳುತ್ತವೆ. ಆ ಹೊತ್ತಿಗೆ ಹ್ಯಾನಿಯು ಸಾವಿರಾರು ಜನರಿಗೆ ಉಪದೇಶ ಮಾಡುವ ಪ್ರಸಿದ್ಧ ಬೋಧಕನು. ತಮ್ಮನು ಸುದ್ದಿಯನ್ನು ಕೇಳಿ, ತಾನು ಕಂಡದ್ದರಲ್ಲಿ ಎಷ್ಟನ್ನು ಹೇಳಬೇಕು, ಎಷ್ಟನ್ನು ಹೇಳಬಾರದೆಂದು ಲೆಕ್ಕಹಾಕುತ್ತ ಕುಳಿತಿದ್ದಾನೆ.