ಸಂಪಿನ ಮುಚ್ಚಳ ಮತ್ತು ಅವ್ವನ ಸೊಂಟ

ಕುರೆಕುಪ್ಪದ ನಮ್ಮ ಮನೆ ಮುಂದೆ ಒಂದು ಸಂಪು ಇದೆ. ಅದರ ಬಾಯಿ ಮೇಲೆ ಎರಡಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ಕಡಪಾ ಕಲ್ಲು. ಈ ಕಲ್ಲು ತೆಗೆಸಿ ಕಬ್ಬಿಣದ ಮುಚ್ಚಳ ಹಾಕಿಸಬೇಕಾ? ಹಾಕಿಸಿದ್ರೆ, ಕಾರಿನ ಡಿಕ್ಕಿಗೆ ಇರುತ್ತಲ್ಲ, ಕೈ ಹಚ್ಚಿದ ಕೂಡಲೇ ತಾನೇ ಮೇಲೇಳೋ ಗ್ಯಾಸ್ ಸ್ಟ್ರಟ್, ಅದನ್ನೂ ಕೂಡಿಸಬೇಕಾ? ಎರಡು ತಿಂಗಳಿಂದ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಇದೇ ಚರ್ಚೆ. ಗುಡ್ ಮಾರ್ನಿಂಗ್ ಹೂವುಗಳನ್ನೂ ಹಿಂದೆ ಹಾಕಿದೆ.

ನಗಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋರಿಗೆ ಸಂಪು ಅಂದ್ರೆ ಬೇಸ್‌ಮೆಂಟಿನಲ್ಲಿ ಎಲ್ಲೋ ಇರೋ ವಸ್ತು. ಅದರ ಮುಚ್ಚಳ ಯಾರು ತೆಗೀತಾರೆ, ಯಾರು ಹಾಕ್ತಾರೆ ಅಂತ ನಮಗೆ ಗೊತ್ತಿರಲ್ಲ. ಊರಿನಲ್ಲಿ ಹಾಗಲ್ಲ. ನಮ್ಮೂರು ಸಂಡೂರು ತಾಲೂಕಿನಲ್ಲಿ, ತೋರಣಗಲ್ಲಿನ ಪಕ್ಕ. ಈಗ ಪುರಸಭೆ ಆಗಿದೆ, ಸುತ್ತ ಕಾರ್ಖಾನೆ ಇದೆ, ಕ್ವಾರ್ಟರ್ಸ್ ಇದೆ. ಆದ್ರೂ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರೋದು ಮೂರ್ನಾಲ್ಕು ದಿನಕ್ಕೊಮ್ಮೆ. ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಅವತ್ತು ಅವ್ವ ಕನಿಷ್ಠ ನಾಲ್ಕು ಸಲ ಕಲ್ಲು ಸರಿಸ್ತಾಳೆ. ನೀರು ಬೀಳ್ತಾ ಇದೆಯಾ ನೋಡಾಕೆ ಒಂದ್ಸಲ, ಎಷ್ಟು ತುಂಬಿತು ನೋಡಾಕೆ ಒಂದ್ಸಲ, ಬ್ಲೀಚಿಂಗ್ ಪೌಡರ್ ಹಾಕಾಕೆ ಒಂದ್ಸಲ, ಎಲ್ಲ ಮುಗಿದ ಮೇಲೆ ಇನ್ನೊಂದ್ಸಲ. ತಿಂಗಳಿಗೆ ಮೂವತ್ತು ಸಲ ಆಯ್ತು. ಅವ್ವನಿಗೆ ಈಗ 63. ಅಪ್ಪ ಹೋದ ಮೇಲೆ ಒಬ್ಬಳೇ ಇರ್ತಾಳೆ. ಕಳೆದ ವರ್ಷ ಸೊಂಟ ಹಿಡ್ಕೊಂಡಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಬಗ್ಗಿ ಭಾರ ಎತ್ತಬೇಡಿ.

ಲೆಕ್ಕ ಹಾಕಿ ನೋಡಿದೆ. ಆ ಅಳತೆಯ ಕಲ್ಲು ಹತ್ತಿರ ಹತ್ತಿರ 50 ಕೆಜಿ ತೂಗುತ್ತೆ. ಒಂದು ಕಡೆ ಅಂಚು ಹಿಡಿದು ಎಬ್ಬಿಸಿದ್ರೂ ಅರ್ಧ ಭಾರ, ಅಂದ್ರೆ 25 ಕೆಜಿ ಕೈಗೆ ಬರುತ್ತೆ. ಒಂದು ಅಕ್ಕಿ ಚೀಲ. ಅದೂ ನೆಲದ ಮಟ್ಟದಿಂದ, ಬೆನ್ನು ಪೂರ್ತಿ ಬಾಗಿಸಿ.

ಹಾಗಾದ್ರೆ ತೆಗೆಸಿ ಬಿಸಾಕೋದಲ್ವಾ, ಇದರಲ್ಲಿ ಚರ್ಚೆ ಏನು ಅಂತೀರಾ? ಚರ್ಚೆ ಶುರು ಮಾಡಿದ್ದೇ ಅವ್ವ.

"ಕಲ್ಲು ಭಾರ ಐತಿ ಅಂತಲೇ ನನಗ ಧೈರ್ಯ. ಪುಟ್ಟಿ ಬಂದಾಗ ನಾ ಎಷ್ಟಂತ ಹಿಂದಿಂದ ಓಡಾಡ್ಲಿ? ಅದು ಅಲ್ಲಾಡಂಗಿಲ್ಲ. ಹಂಗಾಗಿ ನಾ ಒಳಗ ಅಡಿಗಿ ಮಾಡ್ತೀನಿ."

ಪುಟ್ಟಿ ಅಂದ್ರೆ ಅಕ್ಕನ ಮಗಳು, ನಾಲ್ಕು ವರ್ಷ. ರಜೆಗೆ ಬಂದ್ರೆ ಅಂಗಳದಲ್ಲೇ ಅವಳ ವಾಸ. ಮುಚ್ಚದೆ ಬಿಟ್ಟ ಸಂಪಿಗೆ ಮಗು ಬಿದ್ದ ಸುದ್ದಿ ನಾವೆಲ್ಲ ಪೇಪರಿನಲ್ಲಿ ಓದಿದ್ದೀವಿ, ಓದಿ ಪುಟ ತಿರುವಿದ್ದೀವಿ. ಅವ್ವನ ಮಾತಿಗೆ ಗ್ರೂಪಿನಲ್ಲಿ ಯಾರೂ ತಕ್ಷಣ ಉತ್ತರ ಕೊಡಲಿಲ್ಲ.

ಭಾವ ಮೆಕ್ಯಾನಿಕಲ್ ಇಂಜಿನಿಯರ್. ಅವರದು ಸೀದಾ ಲೆಕ್ಕ. 3 ಎಂಎಂ ಶೀಟಿನ ಮುಚ್ಚಳ, ಸುತ್ತ ಆಂಗಲ್ ಪಟ್ಟಿ, ಒಟ್ಟು 12 ಕೆಜಿ ಒಳಗೆ. ಒಂದು ಕಡೆ ಕೀಲು ಕೂಡಿಸಿದ್ರೆ ಎತ್ತೋ ಕೈಗೆ ಬರೋದು 6 ಕೆಜಿ. ಅದಕ್ಕೊಂದು ಗ್ಯಾಸ್ ಸ್ಟ್ರಟ್ ಹಾಕಿದ್ರೆ ಎರಡು ಬೆರಳು ಸಾಕು. ಒಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತೆ, ಅದೇ ಮೇಲಕ್ಕೆ ತಳ್ಳುತ್ತೆ, ತೆರೆದ ಮೇಲೆ ಹಿಡಿದೂ ನಿಲ್ಲಿಸುತ್ತೆ. ಆನ್‌ಲೈನಿನಲ್ಲಿ ಸಿಗುತ್ತೆ.

ಇದೇ ಹೊತ್ತಿಗೆ ಅಮೆರಿಕದಲ್ಲಿರೋ ಕಾಲೇಜು ಗೆಳೆಯನಿಗೂ ಇಂಥದ್ದೇ ತಲೆಬಿಸಿ ಅಂತ ಗೊತ್ತಾಯ್ತು. ಅವನ ಹಿತ್ತಲಿನಲ್ಲಿ ಹಾಟ್ ಟಬ್ ಇದೆ. ಬಿಸಿ ಆರದಿರಲಿ ಅಂತ ಅದಕ್ಕೆ ದಪ್ಪ ಫೋಮಿನ ಮುಚ್ಚಳ. ವರ್ಷಗಳು ಕಳೆದಂತೆ ಫೋಮು ಹಬೆ ಕುಡಿದು ಕುಡಿದು ಭಾರ ಆಗ್ತಾ ಹೋಗುತ್ತಂತೆ. ಅದನ್ನ ಮಡಚಿ ಹಿಂದಕ್ಕೆ ಇಳಿಸೋಕೆ ಕವರ್ ಲಿಫ್ಟರ್ ಅಂತ ಕಬ್ಬಿಣದ ತೋಳುಗಳಿರೋ ಸಾಮಾನು ಸಿಗುತ್ತೆ. ಹಾಕಿಸಬೇಕಾ ಬೇಡ್ವಾ ಅಂತ ಅವನ ಯೋಚನೆ. ಮಜಾ ಅಂದ್ರೆ ಅವನ ಸಮಸ್ಯೆ ಭಾರದ್ದಲ್ಲ. "ಮುಚ್ಚಳ ತೆಗೆಯೋ ರಗಳೆಗೆ ನಾವು ಟಬ್ಬಿಗೆ ಇಳಿಯೋದೇ ಬಿಟ್ಟಿದ್ದೀವಿ ಕಣೋ" ಅಂದ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ತೆಗೆಯೋದು ಕಷ್ಟ ಆದ್ರೆ ಅವನು ಟಬ್ಬನ್ನೇ ಬಿಡಬಹುದು. ಅವ್ವ ನೀರು ಬಿಡೋಕಾಗಲ್ಲ. ಅವಳು ಬಿಡೋದು ಮುಚ್ಚೋದನ್ನ.

ಕಳೆದ ಸಲ ಊರಿಗೆ ಹೋದಾಗ ನೀರಿನ ದಿನ ಅಂಗಳದಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ಅವ್ವ ಒಂದ್ಸಲ ಕಲ್ಲು ಸರಿಸಿದಳು. ಆಮೇಲೆ ಎರಡು ತಾಸು ಅದು ಅರ್ಧ ತೆರೆದೇ ಇತ್ತು. ಪ್ರತಿ ಸಲ ಮುಚ್ಚಿ ಮತ್ತೆ ಸರಿಸೋಕೆ ಸೊಂಟ ಎಲ್ಲಿದೆ? ಅಂದ್ರೆ, ಮಗು ಬೀಳದಿರಲಿ ಅಂತ ಇಟ್ಟ ಭಾರ, ಸಂಪು ತುಂಬಿರೋ ಹೊತ್ತಿನಲ್ಲೇ ಅದನ್ನ ಬಾಯಿ ತೆರೆದು ಕೂರಿಸ್ತಾ ಇತ್ತು. ಅದಿರು ಲಾರಿ ಓಡಾಡೋ ರಸ್ತೆ ದೂರ ಇಲ್ಲ. ಆ ಎರಡು ತಾಸಿನಲ್ಲೇ ನೀರ ಮೇಲೆ ಕೆಂಪು ಧೂಳಿನ ತೆಳ್ಳನೆ ಪೊರೆ.

ಧೂಳಿಗಿಂತ ದೊಡ್ಡ ಭಯ ಸೊಳ್ಳೆ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಚರಂಡಿ ನೀರು ಬೇಕಿಲ್ಲ, ನಾವು ಕೂಡಿಟ್ಟ ಸ್ವಚ್ಛ ನೀರೇ ಇಷ್ಟ. ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತೆ. ಒಣಗಿದ್ರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ, ನೀರು ತಾಗಿದ್ರೆ ವಾರ ಹತ್ತು ದಿನದಲ್ಲಿ ಹಾರೋ ಸೊಳ್ಳೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಹುಟ್ಟೋಕೆ ಬಿಟ್ಟರೆ ಊರುಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮ ತಂತು. ಸಂಪಿಗೆ ಸಂದಿಲ್ಲದ ಮುಚ್ಚಳ ಬೇಕು ಅನ್ನೋದು ಹೀಗೆ ಕಾನೂನಿನ ಮಾತೂ ಆಯ್ತು. ಒರಟು ಕಲ್ಲಿನ ಕೆಳಗೆ ಬೆರಳು ತೂರೋಷ್ಟು ಸಂದು ಇದ್ದೇ ಇರುತ್ತೆ.

ಸರಿ, ಕಲ್ಲು ಹೋಗಬೇಕು ಅನ್ನೋದು ತೀರ್ಮಾನ ಆಯ್ತು. ಉಳಿದದ್ದು ಸ್ಟ್ರಟ್. ಇಲ್ಲಿ ನಾನು ಭಾವನ ಪಕ್ಷಕ್ಕೆ ಸೇರಲಿಲ್ಲ. ಕಾರಣ ಮೂರು.

ಒಂದು, ಎರಡು ಬೆರಳಿಗೆ ಏಳೋ ಮುಚ್ಚಳ ಪುಟ್ಟಿಯ ಬೆರಳಿಗೂ ಏಳುತ್ತೆ. ಅವ್ವನ ಧೈರ್ಯಕ್ಕೆ ಇದ್ದ ಆಧಾರವನ್ನೇ ನಾವು ಕಿತ್ತ ಹಾಗೆ.

ಎರಡು, ಸ್ಟ್ರಟ್ಟಿನ ಒಳಗಿನ ರಬ್ಬರ್ ಸೀಲು ಸವೆಯುತ್ತೆ. ಹಳೇ ಕಾರಿನ ಡಿಕ್ಕಿ ತಲೆ ಮೇಲೆ ಬಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಂಪಿನ ತೇವಕ್ಕೆ, ಬ್ಲೀಚಿಂಗ್ ಘಾಟಿಗೆ ಅದರ ಕಡ್ಡಿ ಬೇಗ ತುಕ್ಕು ಹಿಡಿಯುತ್ತೆ. ಗ್ಯಾಸು ಹೋಗಿದೆ ಅಂತ ಗೊತ್ತಾಗೋದು ಮುಚ್ಚಳ ಕೈ ಮೇಲೆ ಬಿದ್ದಾಗ.

ಮೂರು, ಕೆಟ್ಟರೆ ಊರಿನಲ್ಲಿ ರಿಪೇರಿ ಮಾಡೋರಿಲ್ಲ. ಕೀಲು ಮುರಿದ್ರೆ ಪಕ್ಕದ ಬೀದಿಯ ವೆಲ್ಡಿಂಗ್ ಶಾಪಿನವನು ಅರ್ಧ ತಾಸಿನಲ್ಲಿ ಬೆಸೀತಾನೆ. ಸ್ಟ್ರಟ್ ಹೋದ್ರೆ ನಾನು ಬೆಂಗಳೂರಿನಿಂದ ಆರ್ಡರ್ ಮಾಡಬೇಕು, ಅದು ಬರೋವರೆಗೂ ಅವ್ವ ಕಾಯಬೇಕು.

ಮುಚ್ಚಳ ತೆಗೆಯೋ ಪ್ರಮೇಯವೇ ಬರದ ಹಾಗೆ ಬಾಲ್ ವಾಲ್ವ್, ನೀರಿನ ಮಟ್ಟ ತೋರಿಸೋ ಸೆನ್ಸರ್ ಹಾಕೋಣ ಅಂತಾನೂ ಮಾತು ಬಂತು. ಬಾಲ್ ವಾಲ್ವಿಗೆ ಅವ್ವ ಒಪ್ಪಿದಳು. ಸೆನ್ಸರಿಗೆ ಅಲ್ಲ. "ಲೈಟ್ ಹತ್ತಿದ್ರ ನೀರು ಐತಿ ಅಂತ ನಂಬಬೇಕಾ? ನೀರು ನೋಡಿದ್ರನ ನೀರು." ಮೂರ್ನಾಲ್ಕು ದಿನಕ್ಕೊಮ್ಮೆ ಬರೋ ನೀರನ್ನ ಕಣ್ಣಾರೆ ನೋಡಬೇಕು ಅನ್ನೋದರ ಮೇಲೆ ವಾದ ಮಾಡೋಕೆ ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಚರ್ಚೆ ಮುಗಿಸಿದ್ದು ಅವ್ವನ ಇನ್ನೊಂದು ಮಾತು. ಫೋನಿನಲ್ಲಿ 6 ಕೆಜಿ, 12 ಕೆಜಿ ಅಂತ ನಾನು ಒಪ್ಪಿಸ್ತಾ ಇದ್ದೆ. "ನೋಡಪ, ಆರು ಕೆಜಿ ನನಗ ಭಾರ ಅಲ್ಲ. ತುಂಬಿದ ಕೊಡ ಇದಕ್ಕಿಂತ ಭಾರ ಇರ್ತದ. ನನಗ ಆಗಲಾರದ್ದು ಬಗ್ಗಾಕ" ಅಂದಳು.

ಎರಡು ತಿಂಗಳು ಎಲ್ಲರೂ ಭಾರದ ಬಗ್ಗೆನೇ ಮಾತಾಡಿದ್ವಿ. ಎತ್ತೋದರಲ್ಲಿ ಯಾವ ಭಾಗ ನೋವು ಅಂತ ಎತ್ತೋಳು ಹೇಳೋವರೆಗೆ ಆ ಪ್ರಶ್ನೆ ಗ್ರೂಪಿನಲ್ಲಿ ಬಂದಿರಲಿಲ್ಲ. ವೆಲ್ಡಿಂಗ್ ಶಾಪಿನವನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಒಂದು ಕ್ಷಣಾನೂ ಯೋಚಿಸಲಿಲ್ಲ. "ಕೊಕ್ಕೆ ಸಾಕಲ್ಲಣ್ಣ. ಎರಡೂವರೆ ಅಡಿ ಸರಳು, ಕೆಳಗ ಕೊಕ್ಕೆ, ಮ್ಯಾಲೆ ಹಿಡಿಕೆ. ಮುಚ್ಚಳದ ಬಳೆಗೆ ಸಿಗಿಸಿ ನಿಂತ್ಕೊಂಡೇ ಎಳೀಬಹುದು." ಕೊಕ್ಕೆಯನ್ನ ಅಡುಗೆಮನೆಯ ಮೊಳೆಗೆ ತೂಗು ಹಾಕಿದ್ರೆ ಮಗುವಿನ ಕೈಗೂ ಸಿಗಲ್ಲ.

ಹಾಗಾಗಿ ನಮ್ಮ ತೀರ್ಮಾನ ಇಷ್ಟು. ಕೀಲಿರೋ ಕಬ್ಬಿಣದ ಮುಚ್ಚಳ, ತುಕ್ಕು ಹಿಡಿಯದ ಹಾಗೆ ಜಿಂಕ್ ಲೇಪನ. ಅಂಚಿನ ಸುತ್ತ ರಬ್ಬರ್ ಪಟ್ಟಿ, ಸೊಳ್ಳೆ ತೂರದಿರಲಿ ಅಂತ. ತೆರೆದಾಗ ನೆಟ್ಟಗೆ ನಿಲ್ಲದೆ ಇನ್ನಷ್ಟು ಹಿಂದಕ್ಕೆ ಹೋಗಿ ಕಾಂಪೌಂಡ್ ಗೋಡೆಗೆ ಒರಗಬೇಕು, ಗಾಳಿಗೆ ಮುಂದೆ ಬೀಳದಿರೋಕೆ ಒಂದು ಸರಪಳಿ. ಕೀಲು ಗೋಡೆ ಕಡೆಗೇ ಬರಬೇಕು, ಅಲ್ಲಿ ನಿಲ್ಲಿಸೋ ಬೈಕಿಗೆ ಬೇರೆ ಜಾಗ ನೋಡಬೇಕು. ಮುಚ್ಚಳದ ಕೆಳಗೆ ಬೀಗ ಹಾಕೋ ಸರಳಿನ ಜಾಲರಿ. ಅವ್ವ ಅದರ ಸಂದಿನಿಂದಲೇ ನೀರು ನೋಡಬಹುದು, ಪೌಡರ್ ಹಾಕಬಹುದು. ತೆರೆದು ಮರೆತರೂ ಮಗು ಒಳಗೆ ಬೀಳಲ್ಲ. ಸಂಪು ತೊಳೆಯೋ ದಿನ ಮಾತ್ರ ಬೀಗ ತೆಗೆಯೋದು. ಆವಾಗಲೂ ಮೊದಲು ಕೆಲವು ತಾಸು ಗಾಳಿ ಆಡೋಕೆ ಬಿಟ್ಟು, ಮೇಲೊಬ್ಬರು ನಿಂತಿದ್ದಾಗಲೇ ಇಳಿಯಬೇಕು. ಮುಚ್ಚಿದ ಸಂಪಿನೊಳಗೆ ಉಸಿರುಗಟ್ಟಿ ಸಾಯೋರು ಇದ್ದಾರೆ. ಸ್ಟ್ರಟ್ ಇಲ್ಲ. ಕೊಕ್ಕೆ ಇದೆ. ಹಳೇ ಕಲ್ಲು ಬಟ್ಟೆ ಒಗೆಯೋ ಕಲ್ಲಾಗುತ್ತೆ, ಅದೂ ಸೊಂಟದ ಎತ್ತರಕ್ಕೆ ಕಟ್ಟೆ ಕಟ್ಟಿಸಿ, ಅದರ ಮೇಲೆ.

ನಿಮ್ಮೂರ ಮನೆಯಲ್ಲೂ ಇಂಥದ್ದೊಂದು ಇರುತ್ತೆ. ರುಬ್ಬೋ ಕಲ್ಲು, ಗ್ಯಾಸ್ ಸಿಲಿಂಡರ್, ಅಟ್ಟದ ಮೇಲಿನ ಡಬ್ಬಿ. ನಮ್ಮ ಮೊದಲ ಯೋಚನೆ ಯಾವಾಗಲೂ ಯಾವುದನ್ನ ಆರ್ಡರ್ ಮಾಡೋಣ ಅನ್ನೋದು. ಅದಕ್ಕೂ ಮುಂಚೆ ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು, ಅದನ್ನ ಯಾರು ಎತ್ತುತ್ತಾರೆ, ಎತ್ತುವಾಗ ಎಲ್ಲಿ ಕೈ ಇಟ್ಕೊಳ್ತಾರೆ ನೋಡಿ.

ಮುಂದಿನ ಭಾನುವಾರ ವೆಲ್ಡಿಂಗಿನವನು ಬರ್ತಾನೆ. ಅವತ್ತು ನೀರು ಬಿಡೋ ದಿನ ಅಲ್ಲ. ಅವ್ವನ್ನ ಕೇಳಿಯೇ ದಿನ ಗೊತ್ತು ಮಾಡಿದ್ದೀನಿ.