ಕ್ಲಬ್ಬಿನ ದಾರಿ, ಮುಖದ ದಿಕ್ಕು

ಗಾಲ್ಫ್ ಡ್ರೈವಿಂಗ್ ರೇಂಜಿನಲ್ಲಿ ಎಲ್ಲರ ಕಣ್ಣೂ ಸ್ವಿಂಗ್ ಪ್ಲೇನಿನ ಮೇಲೆ. ಕ್ಲಬ್ ಯಾವ ಓರೆಯಲ್ಲಿ ಏರಿತು, ಯಾವ ಓರೆಯಲ್ಲಿ ಇಳಿಯಿತು ಎಂದು ಮೊಬೈಲಿನಲ್ಲಿ ವಿಡಿಯೊ ಹಿಡಿದು, ಅದರ ಮೇಲೆ ಗೆರೆ ಎಳೆದು ನೋಡುತ್ತಾರೆ. ನನಗೆ ಬಗೆಹರಿಯದ್ದು ಇದು: ಗೆರೆಗೆ ಅಚ್ಚುಕಟ್ಟಾಗಿ ಕೂತ ಸ್ವಿಂಗಿನ ಚೆಂಡೂ ಬಲಗಡೆಯ ಬಲೆಗೆ ಹೋಗಿ ಬೀಳುತ್ತದೆ. ಪಕ್ಕದಲ್ಲೇ ಗೆರೆಯಿಂದ ಗೇಣುದ್ದ ತಪ್ಪಿದವರ ಚೆಂಡು ನೇರ ಹೋಗುತ್ತದೆ.

*

ಈ ಗೆರೆ ಜನರ ತಲೆಯಲ್ಲಿ ಕೂತಿದ್ದರಲ್ಲಿ ಗಾಲ್ಫ್ ಆಟಗಾರ ಬೆನ್ ಹೋಗನ್ ಅವರ ಪಾಲು ದೊಡ್ಡದು. 1957ರ ‘ಫೈವ್ ಲೆಸನ್ಸ್’ ಪುಸ್ತಕಕ್ಕೆ ಆಂಥನಿ ರೇವಿಯೆಲ್ಲಿ ಬಿಡಿಸಿದ ಚಿತ್ರವಿದೆ. ಚೆಂಡಿನಿಂದ ಹೆಗಲವರೆಗೆ ಒರಗಿಸಿದ ದೊಡ್ಡ ಗಾಜು, ಅದರ ತೂತಿನಿಂದ ಹೊರಗೆ ಇಣುಕುವ ತಲೆ. ಕ್ಲಬ್ ಎತ್ತುವಾಗ ತೋಳು ಗಾಜನ್ನು ಒಡೆಯಬಾರದು. ಎಲ್ಲರಿಗೂ ನೆನಪಿರುವುದು ಇಷ್ಟೇ. ಇಳಿಯುವಾಗಿನ ಪ್ಲೇನ್ ಬೇರೆ, ಅದು ತುಸು ಚಪ್ಪಟೆ, ಗುರಿಯಿಂದ ಸ್ವಲ್ಪ ಬಲಕ್ಕೆ ತಿರುಗಿದ್ದು ಎಂಬ ಮಾತೂ ಅದೇ ಪುಸ್ತಕದಲ್ಲಿದೆ. ಒಂದೇ ಗಾಜನ್ನು ಇಟ್ಟುಕೊಂಡು ಏರಿಕೆ ಇಳಿಕೆ ಎರಡನ್ನೂ ಅಳೆಯುವವರು ಹೋಗನ್ನರನ್ನು ಅರ್ಧ ಓದಿದ್ದಾರೆ.

*

ಗೆರೆಗೆ ಹೊಂದದ ಸ್ವಿಂಗಿಗೆ ಉದಾಹರಣೆ ಜಿಮ್ ಫ್ಯೂರಿಕ್. ಕ್ಲಬ್ಬನ್ನು ಬಹುತೇಕ ನೆಟ್ಟಗೆ ಮೇಲಕ್ಕೆತ್ತಿ, ಮೇಲೆ ಒಂದು ಸುತ್ತು ಹಾಕಿಸಿ, ಬೇರೆಯೇ ದಾರಿಯಲ್ಲಿ ಇಳಿಸುತ್ತಾರೆ. ಅವರ ಏರಿಕೆಗೆ ಯಾವ ಗೆರೆಯೂ ಹೊಂದುವುದಿಲ್ಲ. 2003ರಲ್ಲಿ ಯು.ಎಸ್. ಓಪನ್ ಗೆದ್ದರು, 2016ರಲ್ಲಿ ಪಿಜಿಎ ಟೂರಿನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ಚೆಂಡಿನ ಹತ್ತಿರ ಬರುವ ಹೊತ್ತಿಗೆ ಅವರ ಕ್ಲಬ್ ಇರಬೇಕಾದ ಜಾಗದಲ್ಲಿ, ನೋಡಬೇಕಾದ ಕಡೆಗೇ ನೋಡುತ್ತಿರುತ್ತದೆ.

*

ಚೆಂಡು ಮತ್ತು ಕ್ಲಬ್ ಒಂದನ್ನೊಂದು ಮುಟ್ಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಗಂಟೆಗೆ 180 ಕಿ.ಮೀ. ವೇಗದಲ್ಲಿ ಬರುವ ಡ್ರೈವರ್ ಕ್ಲಬ್ಬು ಅಷ್ಟರಲ್ಲಿ ಕ್ರಮಿಸುವ ದೂರ ಸುಮಾರು ಎರಡು ಸೆಂಟಿಮೀಟರ್. ವರ್ಷಗಟ್ಟಲೆ ತಿದ್ದಿದ ಸ್ವಿಂಗೆಲ್ಲ ಈ ಎರಡು ಸೆಂಟಿಮೀಟರಿಗಾಗಿ!

*

ಚೆಂಡು ಕ್ಲಬ್ ಸಾಗುವ ದಾರಿಯಲ್ಲಿ ಹೊರಟು, ಆಮೇಲೆ ಫೇಸ್, ಅಂದರೆ ಕ್ಲಬ್ಬಿನ ಮುಖ, ನೋಡುವ ಕಡೆಗೆ ಬಾಗುತ್ತದೆ ಎಂದು ದಶಕಗಳ ಕಾಲ ಕಲಿಸಿದರು. 1994ರಲ್ಲಿ ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸನ್ ‘ದಿ ಫಿಸಿಕ್ಸ್ ಆಫ್ ಗಾಲ್ಫ್’ನಲ್ಲಿ ಬೇರೆಯೇ ಲೆಕ್ಕ ಕೊಟ್ಟರು. ಆಮೇಲೆ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ರೇಡಾರ್ ಬಂದು ಆ ಲೆಕ್ಕವನ್ನು ಮೈದಾನದಲ್ಲೇ ಅಳೆದು ತೋರಿಸಿತು. ಚೆಂಡು ಹೊರಡುವುದು ಬಹುಪಾಲು ಫೇಸ್ ನೋಡುವ ದಿಕ್ಕಿಗೆ. ಡ್ರೈವರಿನಲ್ಲಿ ಇದು ಇನ್ನೂ ಹೆಚ್ಚು. ಬಾಗುವುದು ಮುಖ್ಯವಾಗಿ ಫೇಸಿಗೂ ಪಾತ್‌ಗೂ (ಕ್ಲಬ್ ಸಾಗುವ ದಾರಿಗೂ) ನಡುವೆ ಇರುವ ಅಂತರದಿಂದ.

ಸ್ಲೈಸ್ ಹೊಡೆಯುವ ಬಲಗೈ ಆಟಗಾರರ ಪಾಡು ಇಲ್ಲಿ ಅರ್ಥವಾಗುತ್ತದೆ. ಚೆಂಡು ಬಲಕ್ಕೆ ಬಾಗುತ್ತದೆಂದು ಅವರು ಇನ್ನಷ್ಟು ಎಡಕ್ಕೆ ಬೀಸುತ್ತಾರೆ. ಫೇಸ್ ಇದ್ದಲ್ಲೇ ಇರುತ್ತದೆ, ಪಾತ್ ಮಾತ್ರ ಎಡಕ್ಕೆ ಸರಿಯುತ್ತದೆ. ಅಂತರ ಹೆಚ್ಚುತ್ತದೆ, ಚೆಂಡು ಇನ್ನೂ ಜೋರಾಗಿ ಬಲಕ್ಕೆ ಬಾಗುತ್ತದೆ. ಪ್ರಾಮಾಣಿಕವಾಗಿ ಪಟ್ಟ ಶ್ರಮ ಕಾಯಿಲೆಯನ್ನೇ ಬೆಳೆಸುತ್ತದೆ. ನೋಡಿದರೆ ಸಂಕಟವಾಗುತ್ತದೆ.

*

ಹಾಗಾದರೆ ಪ್ಲೇನ್ ಬೇಡವೇ? ಬೇಕು. ಅದು ಏಕೆ ಬೇಕು ಎಂಬುದೇ ನನ್ನನ್ನು ಹೆಚ್ಚು ಕಾಡಿದ ವಿಷಯ. ಎತ್ತಿನಗಾಡಿಯ ಚಕ್ರವನ್ನು ಆಟಗಾರನ ಕಡೆಗೆ ವಾಲಿಸಿ ಹಿಡಿದಂತೆ ಯೋಚಿಸಬೇಕು. ಚಕ್ರದ ಅಂಚು ತಳಕ್ಕೆ ಬರುವ ಮೊದಲು ಕೆಳಕ್ಕೂ ಇಳಿಯುತ್ತದೆ, ಆಟಗಾರನಿಂದ ಆಚೆಗೂ ಸರಿಯುತ್ತದೆ. ತಳ ದಾಟಿದ ಮೇಲೆ ಮೇಲಕ್ಕೂ ಏರುತ್ತದೆ, ಒಳಕ್ಕೂ ಬರುತ್ತದೆ. ಅಂದರೆ ಸ್ವಿಂಗ್ ಒಂದೇ ಇದ್ದರೂ ಚೆಂಡನ್ನು ಹಿಂದಿಟ್ಟರೆ ಬಲಗೈ ಆಟಗಾರನ ಪಾತ್ ಬಲಕ್ಕೆ, ಮುಂದಿಟ್ಟರೆ ಎಡಕ್ಕೆ. ಪ್ಲೇನಿನ ಓರೆ 60 ಡಿಗ್ರಿ ಇದ್ದು, ಐರನ್ನಿನಿಂದ ಚೆಂಡನ್ನು 4 ಡಿಗ್ರಿ ಕೆಳಮುಖವಾಗಿ ಹೊಡೆದರೆ ಪಾತ್ ತಾನಾಗಿಯೇ 2 ಡಿಗ್ರಿಗೂ ತುಸು ಹೆಚ್ಚು ಬಲಕ್ಕೆ ಹೋಗುತ್ತದೆ. ನೇರ ಹೊಡೆಯಬೇಕಾದರೆ ಇಡೀ ಪ್ಲೇನನ್ನೇ ಅಷ್ಟು ಎಡಕ್ಕೆ ತಿರುಗಿಸಬೇಕು. ಚೆಂಡಿನ ಜಾಗ ನಾಲ್ಕು ಬೆರಳು ಬದಲಾದದ್ದಕ್ಕೆ ಎಷ್ಟು ಜನ ತಮ್ಮ ಸ್ವಿಂಗನ್ನು ಶಪಿಸಿದ್ದಾರೋ!

*

ಚೆಂಡು ಬಾಗಲು ಫೇಸಿನ ಯಾವ ಜಾಗಕ್ಕೆ ತಗುಲಿತು ಎಂಬುದೂ ಕಾರಣ. ಡ್ರೈವರಿನ ಫೇಸಿಗೆ ಪೌಡರ್ ಸ್ಪ್ರೇ ಹೊಡೆದುಕೊಂಡು ಆಡುವವರೊಬ್ಬರನ್ನು ನೋಡಿದೆ. ಬಿಳಿ ಪದರದ ಮೇಲೆ ಚೆಂಡಿನ ದುಂಡನೆಯ ಗುರುತು, ಅದರೊಳಗೆ ಡಿಂಪಲ್‌ಗಳ ಸಣ್ಣ ಸಣ್ಣ ಚುಕ್ಕೆ. ಗುರುತು ಫೇಸಿನ ತುದಿಯ ಕಡೆ ಬಿದ್ದಿತ್ತು, ಚೆಂಡು ಎಡಕ್ಕೆ ಬಾಗಿತ್ತು. ತುದಿಗೆ ತಗುಲಿದಾಗ ಡ್ರೈವರಿನ ತಲೆ ತೆರೆದುಕೊಳ್ಳುವಂತೆ ತಿರುಗುತ್ತದೆ, ಹಲ್ಲುಚಕ್ರದ ಜೋಡಿಯ ಹಾಗೆಯೇ ಚೆಂಡು ಅದಕ್ಕೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಆಟಗಾರ ಮಾತ್ರ ಪೌಡರ್ ನೋಡದೆ ಗ್ರಿಪ್ ಬದಲಿಸತೊಡಗಿದರು. ಸ್ಪ್ರೇ ಡಬ್ಬಿಯ ಬೆಲೆ ಹೆಚ್ಚಿಲ್ಲ, ಅದು ಹೇಳುವುದನ್ನು ಮೊದಲು ಕೇಳಬೇಕಿತ್ತು.

*

2012ರ ಮಾಸ್ಟರ್ಸ್ ಪ್ಲೇಆಫ್, ಅಗಸ್ಟಾದ 10ನೇ ಹೋಲ್. ಎಡಗೈ ಆಟಗಾರ ಬಬ್ಬಾ ವಾಟ್ಸನ್ ಪೈನ್ ಮರಗಳ ನಡುವೆ ಸಿಕ್ಕಿಬಿದ್ದು, ವೆಜ್‌ನಿಂದ ಚೆಂಡನ್ನು ಬಲಕ್ಕೆ ಭಾರಿ ಹುಕ್ ಮಾಡಿ ಗ್ರೀನಿಗೆ ತಂದರು. ಫೇಸ್–ಪಾತ್ ಅಂತರವನ್ನು ಬೇಕೆಂದೇ ಹಿಗ್ಗಿಸಿದ ಹೊಡೆತ ಅದು. ಶನಿವಾರ ಆಡಲು ಬರುವವರ ಸ್ಲೈಸಿನಲ್ಲಿರುವುದೂ ಇದೇ ಅಂತರ.

*

ಪಟ್ಟಿಂಗಿನಲ್ಲಿ ಪ್ಲೇನ್ ಕಣ್ಣಿಗೆ ಬೀಳುವುದೇ ಇಲ್ಲ, ಫೇಸೇ ಎಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ನಾಲ್ಕನೆಯವರಾದರು, ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಅವರನ್ನು ಅಷ್ಟು ಮೇಲಕ್ಕೆ ಒಯ್ದದ್ದು ಪಟ್ಟರ್.

*

ಹೊಸಬರಿಗೆ ಕಲಿಸುವವರು ಫೇಸಿನಿಂದ ಶುರು ಮಾಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಬ್ಬ ತರಬೇತುದಾರರು ಹಾಗೆಯೇ ಮಾಡುತ್ತಿದ್ದರು. ಹುಡುಗಿಯ ಕೈಗೆ 7 ಐರನ್ ಕೊಟ್ಟು, ಸೊಂಟದೆತ್ತರದ ಅರ್ಧ ಸ್ವಿಂಗಿನಲ್ಲಿ, “ಮೊದಲು ಎಡಗಡೆ ಕಂಬಕ್ಕೆ ಹೊಡಿ ಪುಟ್ಟಿ, ಆಮೇಲೆ ಬಲಗಡೆಯದಕ್ಕೆ” ಎಂದರು. ಪಾದ ಕದಲಿಸುವ ಹಾಗಿಲ್ಲ, ಫೇಸ್ ಮಾತ್ರ ತಿರುಗಿಸಬೇಕು. ಪ್ಲೇನಿನ ಮಾತನ್ನು ಆ ತರಗತಿ ಮುಗಿಯುವವರೆಗೂ ಅವರು ಎತ್ತಲಿಲ್ಲ.